ಊರ ಹುಡುಗರ ‘ರಕ್ಷಣಾ ಪಡೆ’ಗೆ ಸಂವಿಧಾನದಲ್ಲಿ ಜಾಗ ಇದೆಯೇ?

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕಿನ ಒಂದು ಹಳ್ಳಿ. ಮಳೆಗಾಲದಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ ಮೇಲೆ ಯುವಕ ಮಂಡಲದ ಹುಡುಗರು ಸೇರಿ ರಾತ್ರಿ ಗಸ್ತು ಶುರು ಮಾಡಿದ್ದಾರೆ. ಒಂದೇ ಬಣ್ಣದ ಟೀ ಶರ್ಟ್, ಬೆನ್ನಿಗೆ ‘ಗ್ರಾಮ ರಕ್ಷಣಾ ಪಡೆ’ ಎಂಬ ಬರಹ, ಕೈಯಲ್ಲಿ ಟಾರ್ಚು ಮತ್ತು ಲಾಠಿ. ತೋಟದ ಕೋವಿಯೂ ಜತೆಗಿರಲಿ ಎಂದು ಈಗ ಕೆಲವರು ಹೇಳುತ್ತಿದ್ದಾರೆ. ಗುರುತಿಲ್ಲದ ವಾಹನ ನಿಲ್ಲಿಸಿ ಆಧಾರ್ ಕಾರ್ಡ್ ಕೇಳುವುದೂ ನಡೆದಿದೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ, ಅಲ್ಲಿ ಪ್ರಜೆಗಳ ಸಶಸ್ತ್ರ ಪಡೆಗೆ ಸಂವಿಧಾನವೇ ಮಾನ್ಯತೆ ಕೊಟ್ಟಿದೆ ಎನ್ನುತ್ತಾನೆ. ನಮ್ಮ 51ಎ ವಿಧಿಯೂ ದೇಶರಕ್ಷಣೆ ಪ್ರಜೆಯ ಕರ್ತವ್ಯ ಎನ್ನುತ್ತದಲ್ಲ? 1837ರಲ್ಲಿ ಸುಳ್ಯದ ಕಡೆಯಿಂದ ಹೊರಟು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದೂ ರೈತರ ಪಡೆಯೇ. ಹಾಗಾದರೆ ನಮ್ಮ ಹುಡುಗರದ್ದು ಕಾನೂನುಬದ್ಧವೋ ಅಲ್ಲವೋ?

ಉತ್ತರ: ಕೋವಿಯ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಮುಗಿಸುವಷ್ಟರಲ್ಲಿ ಯಾರಾದರೂ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟಿರಬಾರದು. ನಮ್ಮ ಕಡೆಯ ಹೆಚ್ಚಿನ ಕೋವಿಗಳು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವು. ಲೈಸೆನ್ಸ್ ಪುಸ್ತಕ ತೆರೆದು ನೋಡಿ: ಯಾರ ಹೆಸರಿಗೆ, ಯಾವ ಕೋವಿ, ಯಾವ ಉದ್ದೇಶಕ್ಕೆ ಎಂದು ಬರೆದಿರುತ್ತದೆ. ಹಂದಿ, ಮಂಗಗಳಿಂದ ಅಡಿಕೆ ತೋಟ ಕಾಯಲು ಕೊಟ್ಟದ್ದನ್ನು ಪಂಚಾಯತ್ ರಸ್ತೆಯಲ್ಲಿ ಮನುಷ್ಯರನ್ನು ಕಾಯಲು ಒಯ್ದರೆ ಲೈಸೆನ್ಸಿನ ಷರತ್ತು ಮುರಿದಂತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದೇ ಒಂದು ಅಪರಾಧ. ‘ನನಗೆ ಗಂಟುನೋವು, ನೀನು ಹಿಡ್ಕೊಂಡು ಹೋಗು’ ಎಂದು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟರೆ ಅವನು ಲೈಸೆನ್ಸ್ ಇಲ್ಲದೆ ಕೋವಿ ಹೊತ್ತವನಾಗುತ್ತಾನೆ. ಅದು ಇನ್ನೂ ದೊಡ್ಡ ಕೇಸು.

ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಠಾಣೆಗೆ ಒಯ್ದು ಠೇವಣಿ ಇಟ್ಟು, ಎಲ್ಲ ಮುಗಿದ ಮೇಲೆ ವಾಪಸ್ ತರುವ ರಗಳೆ ದಕ್ಷಿಣ ಕನ್ನಡ, ಉಡುಪಿಯ ಕೃಷಿಕರಿಗೆ ಹೊಸತಲ್ಲ. ಹಂದಿ ತೋಟಕ್ಕೆ ನುಗ್ಗುವಾಗ ಕೋವಿ ಠಾಣೆಯಲ್ಲಿ ಎಂಬ ಅವರ ದೂರಿನಲ್ಲಿ ನ್ಯಾಯವಿದೆ. ಆದರೆ ಆ ಠೇವಣಿಯಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ನಮ್ಮಲ್ಲಿ ಆಯುಧ ಇಟ್ಟುಕೊಳ್ಳುವುದು ಸರ್ಕಾರ ಕೊಟ್ಟ ಅನುಮತಿ, ಮೂಲಭೂತ ಹಕ್ಕಲ್ಲ. ನೆರೆಯ ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ ಎಂದು ಯಾರಾದರೂ ವಾದಕ್ಕೆ ಇಳಿದಾರು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಹೊಂದಿದವರಿಗೆ ಇರುವುದು ಅದೇ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಕೊಟ್ಟ ವಿನಾಯಿತಿ. ಈಗಿನದ್ದರ ಅವಧಿ 2029ರವರೆಗೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲೂ ಸಿಕ್ಕಿದ್ದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಸವಲತ್ತು. ಪಡೆ ಕಟ್ಟಿಕೊಂಡು ಗಸ್ತು ತಿರುಗುವ ಅಧಿಕಾರ ಅಲ್ಲ.

ಈಗ ನಿಮ್ಮ ಅಕ್ಕನ ಮಗನ ಮಾತು. ಅವನು ಹೇಳಿದ್ದು ಅರ್ಧ ಸರಿ, ಉಳಿದರ್ಧ ಅಮೆರಿಕದಲ್ಲೇ ಬಹಳ ಮಂದಿ ತಪ್ಪು ತಿಳಿದುಕೊಂಡಿರುವಂಥದ್ದು. ಅಲ್ಲಿನ ಸಂವಿಧಾನದಲ್ಲಿ ಮಿಲಿಷಿಯಾ, ಅಂದರೆ ಪ್ರಜಾಪಡೆಯ ಪ್ರಸ್ತಾಪ ಬರುವುದು ಎಲ್ಲರೂ ಹೇಳುವ, ಆಯುಧ ಹೊಂದುವ ಹಕ್ಕಿನ ಎರಡನೇ ತಿದ್ದುಪಡಿಯಲ್ಲಿ ಮಾತ್ರ ಅಲ್ಲ. ಅದಕ್ಕೂ ಮೊದಲು, ಮೂಲ ಸಂವಿಧಾನದ ಮೊದಲನೇ ವಿಧಿಯಲ್ಲೇ ಇದೆ. ಪ್ರಜಾಪಡೆಯನ್ನು ಕರೆಸುವ ಅಧಿಕಾರ ಸಂಸತ್ತಿಗೆ. ಅದೂ ಮೂರೇ ಕಾರಣಕ್ಕೆ: ಒಕ್ಕೂಟದ ಕಾನೂನು ಜಾರಿ ಮಾಡಲು, ದಂಗೆ ಅಡಗಿಸಲು, ದಾಳಿ ತಡೆಯಲು. ಶಿಸ್ತು, ಆಯುಧಗಳ ನಿಯಮ ಮಾಡುವುದು ಸಂಸತ್ತು. ಅಧಿಕಾರಿಗಳ ನೇಮಕ, ತರಬೇತಿ ರಾಜ್ಯಗಳದ್ದು. ಕರೆ ಬಂದು ಸೇವೆಗೆ ಇಳಿದ ಮೇಲೆ ದಂಡನಾಯಕ ಅಧ್ಯಕ್ಷ. 1791ರ ಎರಡನೇ ತಿದ್ದುಪಡಿ ‘ಸುವ್ಯವಸ್ಥಿತ’ ಪ್ರಜಾಪಡೆ ಎನ್ನುವಾಗ ಈ ಎಲ್ಲ ಏರ್ಪಾಡು ಆಗಲೇ ಪುಸ್ತಕದಲ್ಲಿತ್ತು. ಪ್ರಜಾಪಡೆ ಇರುವುದು ಸರ್ಕಾರದ ವಿರುದ್ಧ ನಿಲ್ಲಲಿಕ್ಕೆ ಎಂದು ಈಗ ಕೆಲವರು ಎದೆತಟ್ಟಿ ಹೇಳುತ್ತಾರೆ. 1794ರಲ್ಲಿ ಏನಾಯಿತು ನೋಡಿ. ಮದ್ಯದ ಮೇಲಿನ ತೆರಿಗೆ ವಿರೋಧಿಸಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆ ಎದ್ದಾಗ, ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಮಂದಿಯ ಪ್ರಜಾಪಡೆ ಕರೆಸಿ ತಾನೇ ಕುದುರೆ ಏರಿ ಹೊರಟ. ದಂಗೆ ಎದ್ದವರಲ್ಲಿ ಸ್ಥಳೀಯ ಪ್ರಜಾಪಡೆಯವರೂ ಇದ್ದರು! ಕರೆ ಬಂದು ಹೋದವರು ಪ್ರಜಾಪಡೆ ಅನ್ನಿಸಿಕೊಂಡರು, ತಾವಾಗಿ ಸೇರಿದವರು ದಂಗೆಕೋರರಾದರು.

ನಿಮ್ಮ ಯುವಕ ಮಂಡಲಕ್ಕೆ ಹೆಚ್ಚು ಹತ್ತಿರದ್ದು ಷಿಕಾಗೋದ ಒಂದು ಮೊಕದ್ದಮೆ. ಅಲ್ಲಿನ ಜರ್ಮನ್ ಮೂಲದ ಕಾರ್ಮಿಕರು ಒಂದು ಸಂಘ ಕಟ್ಟಿಕೊಂಡಿದ್ದರು. ವ್ಯಾಯಾಮ, ಪಾಠ, ಜತೆಗೆ ಬಂದೂಕು ಹಿಡಿದು ಕವಾಯತು. ಮಾಲೀಕರ ಕಡೆಯವರು, ಪೊಲೀಸರು ಹೊಡೆದರೆ ನಮ್ಮನ್ನು ಕಾಯುವವರು ಯಾರು ಎಂಬುದು ಅವರ ಪ್ರಶ್ನೆ. ಪ್ರಾಮಾಣಿಕವಾದ ಪ್ರಶ್ನೆಯೇ. 1879ರಲ್ಲಿ ಹರ್ಮನ್ ಪ್ರೆಸರ್ ಎಂಬವನು ಕತ್ತಿ ಹಿಡಿದು ಕುದುರೆ ಮೇಲೆ ಕೂತು, ಹಿಂದೆ ಬಂದೂಕು ಹೊತ್ತ ಸುಮಾರು 400 ಮಂದಿಯನ್ನು ಕರೆದುಕೊಂಡು ಷಿಕಾಗೋ ಬೀದಿಯಲ್ಲಿ ಮೆರವಣಿಗೆ ಹೊರಟ. ರಾಜ್ಯದ ಅನುಮತಿ ಇಲ್ಲದೆ ಸೇನೆಯ ಹಾಗೆ ಕವಾಯತು ಮಾಡಬಾರದು ಎಂಬ ಕಾನೂನಿನಡಿ ಅವನಿಗೆ ಹತ್ತು ಡಾಲರ್ ದಂಡ ಬಿತ್ತು. ಅವನು ಬಿಡಲಿಲ್ಲ, ಎರಡನೇ ತಿದ್ದುಪಡಿ ಹಿಡಿದುಕೊಂಡು ಸುಪ್ರೀಂ ಕೋರ್ಟ್‌ವರೆಗೂ ಹೋದ. 1886ರಲ್ಲಿ ಸೋತ. ಸಂಘ ಕಟ್ಟಿಕೊಂಡು ಸೇನೆಯಂತೆ ಕವಾಯತು ಮಾಡುವುದು ಪ್ರಜೆಯ ಹಕ್ಕಲ್ಲ, ಅದು ಸರ್ಕಾರದ ಹತೋಟಿಯ ವಿಷಯ ಎಂದಿತು ನ್ಯಾಯಾಲಯ.

ಆಮೇಲೆ ಬಹಳ ನೀರು ಹರಿದಿದೆ, ನಿಜ. 2008ರ ಹೆಲ್ಲರ್ ತೀರ್ಪಿನಲ್ಲಿ, ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕೆ ಪ್ರಜಾಪಡೆಯ ಸೇವೆಯ ನಂಟು ಬೇಕಿಲ್ಲ ಎಂದು ಅದೇ ನ್ಯಾಯಾಲಯ ಐದು–ನಾಲ್ಕರ ಬಹುಮತದಲ್ಲಿ ಹೇಳಿತು. ನಿಮ್ಮ ಅಳಿಯ ಮನಸ್ಸಿನಲ್ಲಿಟ್ಟುಕೊಂಡದ್ದು ಇದನ್ನೇ ಇರಬೇಕು. ಆದರೆ ಅದೇ ತೀರ್ಪು ಪ್ರೆಸರ್ ಪ್ರಕರಣವನ್ನು ನೆನೆದು, ಖಾಸಗಿ ಸೈನಿಕ ಗುಂಪುಗಳನ್ನು ರಾಜ್ಯ ನಿಷೇಧಿಸಬಾರದು ಎಂದು ಯಾರೂ ವಾದಿಸಿಲ್ಲ ಎಂದೂ ಬರೆದಿದೆ. ಒಬ್ಬನ ಕೈಯಲ್ಲಿ ಬಂದೂಕು ಒಂದು ಮಾತು, ನೂರು ಜನ ಬಂದೂಕು ಹಿಡಿದು ಒಬ್ಬನ ಅಪ್ಪಣೆಯಲ್ಲಿ ನಡೆಯುವುದು ಬೇರೆಯೇ ಮಾತು. ಅಮೆರಿಕದಲ್ಲಿ ಇವತ್ತು ಸಂಘಟಿತ ಪ್ರಜಾಪಡೆ ಎಂದರೆ ನ್ಯಾಷನಲ್ ಗಾರ್ಡ್. 1903ರ ಕಾನೂನಿನ ನಂತರ ಅದಕ್ಕೆ ಈಗಿನ ರೂಪ ಬಂತು. ಅದರ ಲಗಾಮು ಯಾರ ಕೈಯಲ್ಲಿ ಎಂಬ ಜಗಳ ಇನ್ನೂ ಮುಗಿದಿಲ್ಲ. 2025ರ ಜೂನ್‌ನಲ್ಲಿ ಗವರ್ನರ್ ಬೇಡ ಬೇಡ ಎಂದರೂ ಅಧ್ಯಕ್ಷರು ಕ್ಯಾಲಿಫೋರ್ನಿಯಾದ ಗಾರ್ಡ್ ಪಡೆಯನ್ನು ಲಾಸ್ ಏಂಜಲೀಸಿಗೆ ಇಳಿಸಿದರು, ರಾಜ್ಯ ಕೋರ್ಟಿಗೆ ಹೋಯಿತು. ಜಗಳ ಆಡುವವರು ಇಬ್ಬರೂ ಜನರಿಂದ ಆಯ್ಕೆಯಾದವರು ಎಂಬುದನ್ನು ಗಮನಿಸಿ. ಸ್ವಿಟ್ಜರ್ಲೆಂಡಿನ ಸಂವಿಧಾನವಂತೂ ತನ್ನ ಸೇನೆಯೇ ತತ್ವದಲ್ಲಿ ಪ್ರಜಾಪಡೆ ಎನ್ನುತ್ತದೆ, ಅಲ್ಲಿ ಗಂಡಸರಿಗೆ ಸೇವೆ ಕಡ್ಡಾಯ. ಅಲ್ಲೂ ಕರೆಸುವುದು ಸರ್ಕಾರವೇ.

ಹಾಗಾಗಿ ಯಾವ ದೇಶದ ಸಂವಿಧಾನ ತೆಗೆದರೂ ನಾನು ಕೇಳುವುದು ನಾಲ್ಕೇ ಪ್ರಶ್ನೆ. ಈ ಪಡೆಯನ್ನು ಕರೆಸಿದವರು ಯಾರು? ಅಪ್ಪಣೆ ಕೊಡುವವರು ಯಾರು? ತಪ್ಪು ನಡೆದರೆ ಉತ್ತರ ಕೊಡುವವರು ಯಾರು? ಸಾಕು ಎಂದಾಗ ಮನೆಗೆ ಕಳುಹಿಸುವವರು ಯಾರು? ನಾಲ್ಕಕ್ಕೂ ಕಾನೂನಿನಲ್ಲಿ ಉತ್ತರ ಇದ್ದರೆ ಅದು ಪ್ರಜಾಪಡೆ. ಇಲ್ಲದಿದ್ದರೆ, ಎಷ್ಟೇ ಒಳ್ಳೆಯ ಮನಸ್ಸಿನ ಹುಡುಗರಿರಲಿ, ಅದು ಒಂದು ಗುಂಪು.

ನಮ್ಮ ಸಂವಿಧಾನ ಬರೆಯುವಾಗ ಈ ಪ್ರಶ್ನೆ ಬರಲೇ ಇಲ್ಲ ಎಂದುಕೊಳ್ಳಬೇಡಿ. ಬಂದಿತ್ತು, ಅದನ್ನು ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದವರು. ಹರಿ ವಿಷ್ಣು ಕಾಮತ್, ಬ್ರಿಟಿಷ್ ಕಾಲದ ಉನ್ನತ ನಾಗರಿಕ ಸೇವೆಯಾದ ಐಸಿಎಸ್ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದವರು, ಸಂವಿಧಾನ ಸಭೆಯಲ್ಲಿ ಮಧ್ಯಪ್ರಾಂತ್ಯದ ಪ್ರತಿನಿಧಿ. 1948ರ ಡಿಸೆಂಬರಿನಲ್ಲಿ, ಈಗಿನ 19ನೇ ವಿಧಿಯ ಕರಡು ಚರ್ಚೆಗೆ ಬಂದಾಗ, ಆಯುಧ ಹೊಂದುವ ಹಕ್ಕನ್ನೂ ಅದಕ್ಕೆ ಸೇರಿಸಬೇಕು ಎಂದು ಅವರು ತಿದ್ದುಪಡಿ ಮಂಡಿಸಿದರು. ಅವರ ಕೈಯಲ್ಲಿ ಒಳ್ಳೆಯ ಆಧಾರವೇ ಇತ್ತು: 1931ರ ಕರಾಚಿ ಕಾಂಗ್ರೆಸ್ ಅಧಿವೇಶನ, ನಿಯಮಗಳಿಗೆ ಒಳಪಟ್ಟು ಪ್ರತಿ ಪ್ರಜೆಗೂ ಆಯುಧ ಹೊಂದುವ ಹಕ್ಕು ಇರಬೇಕು ಎಂದು ನಿರ್ಣಯ ಮಾಡಿತ್ತು. ಬ್ರಿಟಿಷರು 1878ರ ಶಸ್ತ್ರಾಸ್ತ್ರ ಕಾಯ್ದೆ ತಂದು ಜನರ ಕೈಯಿಂದ ಆಯುಧ ಕಿತ್ತುಕೊಂಡ ಅವಮಾನ ಆ ನಿರ್ಣಯದ ಹಿಂದಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡು ತರಬಹುದಾದರೆ ಆಡಳಿತ ನಡೆಯುವುದು ಹೇಗೆ ಎಂದು ಕೇಳಿದರು. ನಾವು ಒತ್ತಿ ಹೇಳಬೇಕಾದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕೆ ಬೇಕಾದಾಗ ಹಿಡಿಯುವ ಕರ್ತವ್ಯವನ್ನು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟರು. ತಿದ್ದುಪಡಿ ಬಿದ್ದುಹೋಯಿತು. ಆ ಚರ್ಚೆಗೆ ಬರೀ ಮೂರು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಸಂಸ್ಥಾನಕ್ಕೆ ಭಾರತೀಯ ಸೇನೆ ಇಳಿದಿತ್ತು. ಕಾಸಿಂ ರಜ್ವಿಯ ರಜಾಕಾರರು, ಅಂದರೆ ಸ್ವಯಂಸೇವಕರು ಎಂದು ಹೇಳಿಕೊಂಡ ಖಾಸಗಿ ಪಡೆ, ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಹಳ್ಳಿಗಳಲ್ಲಿ ಮಾಡಿದ್ದೇನು ಎಂಬುದು ಆಗ ಯಾರಿಗೂ ಹಳೆಯ ಸುದ್ದಿಯಾಗಿರಲಿಲ್ಲ.

1837ರ ಮಾತಿಗೆ ಇಷ್ಟು ಸಾಕು: ಅಮರ ಸುಳ್ಯದ ರೈತರು ಎದ್ದದ್ದು ತಾವು ಆರಿಸದ, ತಾವು ಇಳಿಸಲಾಗದ ಕಂಪನಿ ಸರ್ಕಾರದ ಮೇಲೆ. ಅವರ ಮೇಲೆ ನನಗೂ ಹೆಮ್ಮೆ ಇದೆ. ನಿಮ್ಮ ಗಸ್ತಿಗೆ ಅದು ಲೈಸೆನ್ಸ್ ಆಗುವುದಿಲ್ಲ.

ಇನ್ನು 51ಎ. 1976ರ 42ನೇ ತಿದ್ದುಪಡಿಯಲ್ಲಿ ಮೂಲಭೂತ ಕರ್ತವ್ಯಗಳು ಸೇರಿದವು. ಅದರ (ಡಿ) ಉಪಖಂಡವನ್ನು ಪೂರ್ತಿ ಓದಿ: ಕರೆ ಬಂದಾಗ ದೇಶವನ್ನು ರಕ್ಷಿಸುವುದು, ರಾಷ್ಟ್ರಸೇವೆ ಸಲ್ಲಿಸುವುದು. ಕರೆ ಕೊಡುವುದು ಸರ್ಕಾರ. ಯುವಕ ಮಂಡಲದ ವಾಟ್ಸಾಪ್ ಗುಂಪಿಗೆ ಆ ಅಧಿಕಾರ ಇಲ್ಲ. ಬೇಕಾದರೆ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲೂ 23ನೇ ವಿಧಿ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಷರತ್ತು ಏನೆಂದರೆ ಧರ್ಮ, ಜಾತಿ, ವರ್ಗ ನೋಡಿ ಭೇದ ಮಾಡುವಂತಿಲ್ಲ. ದೇಶದ ರಕ್ಷಣೆ, ಸೇನೆ, ಬಂದೂಕು ಮದ್ದುಗುಂಡುಗಳ ಕಾನೂನು ಕೇಂದ್ರ ಪಟ್ಟಿಯಲ್ಲಿವೆ. ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು ರಾಜ್ಯ ಪಟ್ಟಿಯಲ್ಲಿ. ಪ್ರಜೆಗಳು ತಾವಾಗಿಯೇ ಕಟ್ಟಿಕೊಳ್ಳುವ ಪಡೆಗೆ ಎರಡರಲ್ಲೂ ಜಾಗ ಇಟ್ಟಿಲ್ಲ. 19ನೇ ವಿಧಿಯಡಿ ಸಂಘ ಕಟ್ಟುವ ಹಕ್ಕು ಇದೆ, ಸಭೆ ಸೇರುವ ಹಕ್ಕೂ ಇದೆ, ಆದರೆ ಶಾಂತವಾಗಿ, ನಿರಾಯುಧವಾಗಿ.

ಸರಿ, ಸರ್ಕಾರವೇ ಕರೆದು ಆಯುಧ ಕೊಟ್ಟರೆ ಎಲ್ಲ ಸರಿಯಾಯಿತೇ? ಅದೂ ಅಲ್ಲ. ಈ ಪ್ರಶ್ನೆಗೆ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ 2011ರ ಜುಲೈ 5ರ ನಂದಿನಿ ಸುಂದರ್ ತೀರ್ಪು. ನನ್ನ ಮಟ್ಟಿಗೆ, ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಪು ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಛತ್ತೀಸಗಢದಲ್ಲಿ ಮಾವೋವಾದಿಗಳ ವಿರುದ್ಧ ಸಲ್ವಾ ಜುಡುಂ ಎಂಬ ಜನರ ಪಡೆ ಎದ್ದಿತ್ತು, ರಾಜ್ಯ ಸರ್ಕಾರ ಅದರ ಬೆನ್ನಿಗಿತ್ತು. ಆದಿವಾಸಿ ಹುಡುಗರನ್ನು ‘ವಿಶೇಷ ಪೊಲೀಸ್ ಅಧಿಕಾರಿ’ ಎಂದು ನೇಮಿಸಿ ಕೈಗೆ ಬಂದೂಕು ಕೊಟ್ಟರು. ಸುಮಾರು 6,500 ಮಂದಿ. ಐದನೇ ತರಗತಿ ಓದಿದ್ದರೆ ಸಾಕಿತ್ತು. ತಿಂಗಳಿಗೆ 3,000 ರೂಪಾಯಿ ಗೌರವಧನ. ಎರಡು ತಿಂಗಳ ತರಬೇತಿ. ಅದರೊಳಗೇ ಕಾನೂನು, ಮಾನವ ಹಕ್ಕು, ಸಾಕ್ಷ್ಯ ಎಲ್ಲ ಕಲಿಸಿಬಿಟ್ಟೆವು ಎಂದು ಸರ್ಕಾರ ಹೇಳಿಕೊಂಡಿತು. ಅದನ್ನು ನ್ಯಾಯಮೂರ್ತಿಗಳು ನಂಬಲಿಲ್ಲ.

ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್.ಎಸ್. ನಿಜ್ಜರ್ ಅವರ ಪೀಠ ಇದು 14 ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಇದರಲ್ಲಿ ಎರಡು ಮುಖಗಳಿವೆ. ಒಂದು, ಅಂಥ ಪಡೆಯ ಎದುರು ಸಿಕ್ಕಿಬೀಳುವ ಹಳ್ಳಿಯವನ ಜೀವ. ಇನ್ನೊಂದು, ಸಾಮಾನ್ಯವಾಗಿ ಯಾರೂ ಯೋಚಿಸದ್ದು, ಆ ಪಡೆಯಲ್ಲೇ ಇರುವ ಹುಡುಗನ ಜೀವ. ಪೂರ್ಣ ತರಬೇತಿ, ಪೂರ್ಣ ಸಂಬಳದ ಪೊಲೀಸನು ಮಾಡುವ ಅದೇ ಅಪಾಯದ ಕೆಲಸಕ್ಕೆ ಅರೆಬರೆ ತರಬೇತಿಯ ಹುಡುಗನನ್ನು ಅಗ್ಗಕ್ಕೆ ಇಳಿಸಿದರೆ, ಸಮಾನರಲ್ಲದವರನ್ನು ಸಮಾನರಂತೆ ಕಂಡ ಹಾಗೆ. ನಾಳೆ ಬಂದೂಕು ವಾಪಸ್ ಪಡೆದರೆ ಅವನು ಶತ್ರುಗಳ ನಡುವೆ ಬರಿಗೈಯಲ್ಲಿ ಬದುಕಬೇಕು. ಅವರನ್ನು ಕಾರ್ಯಾಚರಣೆಗೆ ಬಳಸುವುದನ್ನು ನಿಲ್ಲಿಸಿ, ಬಂದೂಕು ವಾಪಸ್ ತೆಗೆದುಕೊಳ್ಳಿ, ಅವರಿಗೆ ರಕ್ಷಣೆಯನ್ನೂ ಕೊಡಿ ಎಂದು ಆದೇಶವಾಯಿತು. ಆಮೇಲೆ ರಾಜ್ಯ ಹೊಸ ಕಾಯ್ದೆ ಮಾಡಿ ಸಹಾಯಕ ಪಡೆ ಕಟ್ಟಿತು. ಶಾಸಕಾಂಗ ಕಾನೂನು ಮಾಡಿದ್ದನ್ನು ನ್ಯಾಯಾಂಗ ನಿಂದನೆ ಎನ್ನಲಾಗದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ತೀರ್ಪಿನ ಮೂಲಮಾತಿಗೆ ಅದರಿಂದ ಕುಂದು ಬಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಊರಿಗೆ ಬರೋಣ. ನಿಮ್ಮ ಹುಡುಗರಿಗೆ ಅಧಿಕಾರ ಏನೂ ಇಲ್ಲವೇ? ಒಬ್ಬ ಸಾಮಾನ್ಯ ಪ್ರಜೆಗೆ ಎಷ್ಟು ಇದೆಯೋ ಅಷ್ಟು ಇದೆ, ಹನ್ನೆರಡು ಮಂದಿ ಸೇರಿದರೆ ಅದು ಹನ್ನೆರಡು ಪಟ್ಟಾಗುವುದಿಲ್ಲ. ಕಣ್ಣೆದುರೇ ಯಾರಾದರೂ ಸಂಜ್ಞೇಯವಾದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ), ಜಾಮೀನು ಸಿಗದಂಥ ಅಪರಾಧ ಮಾಡಿದರೆ, ಉದಾಹರಣೆಗೆ ರಾತ್ರಿ ಬೀಗ ಒಡೆದು ಮನೆಗೆ ನುಗ್ಗಿದರೆ, ಅವನನ್ನು ಹಿಡಿಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅನಗತ್ಯ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ‘ಇವನ ಮೇಲೆ ಡೌಟ್ ಉಂಟು’ ಎಂಬುದು ಇದಕ್ಕೆ ಸಾಲದು. ಜೀವ, ಆಸ್ತಿ ಉಳಿಸಿಕೊಳ್ಳುವ ಆತ್ಮರಕ್ಷಣೆಯ ಹಕ್ಕು ಇದೆ, ಬೇರೆಯವರದ್ದನ್ನು ಉಳಿಸಲೂ ಇದೆ; ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ, ಪೊಲೀಸರನ್ನು ಕರೆಯಲು ಸಮಯ ಇದ್ದಾಗ ಆ ಹಕ್ಕೇ ಇಲ್ಲ. ಪೊಲೀಸರು ಸಕಾರಣವಾಗಿ ಸಹಾಯ ಕೇಳಿದರೆ ಮಾಡುವುದು ಪ್ರತಿಯೊಬ್ಬನ ಹೊಣೆ, ಅದೂ ಕಾನೂನಿನಲ್ಲೇ ಇದೆ.

ವಾಹನ ನಿಲ್ಲಿಸಿ ಆಧಾರ್ ಕೇಳುವ ಅಧಿಕಾರ ಮಾತ್ರ ನಿಮಗೆ ಯಾವ ದಾರಿಯಲ್ಲೂ ಇಲ್ಲ. ಇದನ್ನು ಇವತ್ತೇ ನಿಲ್ಲಿಸಿ ಮಾರಾಯ್ರೆ. ನಮ್ಮ ಕರಾವಳಿಯಲ್ಲಿ ವಾಹನ ನಿಲ್ಲಿಸಿ ಹೆಸರು ಕೇಳುವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ‘ಅನೈತಿಕ ಪೊಲೀಸ್‌ಗಿರಿ’ ಎಂಬ ಶೀರ್ಷಿಕೆ ನಮ್ಮ ಪೇಪರುಗಳಿಗೆ ಅಭ್ಯಾಸವಾಗಿ ವರ್ಷಗಳೇ ಆದವು. 2025ರ ಏಪ್ರಿಲ್‌ನಲ್ಲಿ ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ಆಟದ ಮೈದಾನದ ಹತ್ತಿರ, ಗುಂಪಿನ ಹೊಡೆತಕ್ಕೆ ಒಬ್ಬ ಹೊರಗಿನವ ಸತ್ತ. ಐದು ಅಥವಾ ಹೆಚ್ಚು ಮಂದಿ ಅಪರಾಧದ ಉದ್ದೇಶಕ್ಕೆ ಸೇರಿದರೆ ಅಕ್ರಮ ಕೂಟ. ಭಾರತೀಯ ನ್ಯಾಯ ಸಂಹಿತೆಯ 190ನೇ ಸೆಕ್ಷನ್ ಪ್ರಕಾರ ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದಕ್ಕೆ ಕೂಟದ ಎಲ್ಲರೂ ಹೊಣೆ. ಹೊಡೆದವನು ಒಬ್ಬ, ಟಾರ್ಚು ಹಿಡಿದು ನಿಂತವನು ಇನ್ನೊಬ್ಬ ಎಂಬ ವಾದ ಆಗ ಬಹಳ ದೂರ ಹೋಗುವುದಿಲ್ಲ. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರಿನ ನೆಪದಲ್ಲಿ ಐದು ಅಥವಾ ಹೆಚ್ಚು ಮಂದಿ ಸೇರಿ ಕೊಂದರೆ 103ನೇ ಸೆಕ್ಷನ್ನಿನಲ್ಲಿ ಮರಣದಂಡನೆಯವರೆಗೂ ಶಿಕ್ಷೆ ಇದೆ. ಗೋರಕ್ಷಣೆಯ ಹೆಸರಿನ ಗುಂಪುಗಳ ವಿರುದ್ಧ ಹೋದ ಅರ್ಜಿಯಲ್ಲೇ 2018ರಲ್ಲಿ ಸುಪ್ರೀಂ ಕೋರ್ಟ್, ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಗೆ ಒಬ್ಬ ನೋಡಲ್ ಪೊಲೀಸ್ ಅಧಿಕಾರಿ ಇರಬೇಕು ಎಂದದ್ದು.

ಲಾಠಿಯ ಬಗ್ಗೆ ಒಂದು ಮಾತು. ಮನೆಗೆ, ಕೃಷಿಗೆ ಮಾತ್ರ ಬಳಸುವ ಲಾಠಿ, ಊರುಗೋಲು ಶಸ್ತ್ರಾಸ್ತ್ರ ಕಾಯ್ದೆಯ ‘ಆಯುಧ’ದಲ್ಲಿ ಬರುವುದಿಲ್ಲ. ನಾಯಿಗೋ ಹಾವಿಗೋ ಒಂದು ಕೋಲು ಇರಲಿ. ಆದರೆ ಜಿಲ್ಲೆಯಲ್ಲಿ ನಿಷೇಧಾಜ್ಞೆ ಜಾರಿಯಲ್ಲಿರುವಾಗ, ನಮ್ಮ ಕಡೆ ಅದು ಆಗಾಗ ಇರುತ್ತದೆ, ಕೋಲು ದೊಣ್ಣೆ ಹಿಡಿದು ಗುಂಪಾಗಿ ತಿರುಗುವುದಕ್ಕೂ ತಡೆ ಇರಬಹುದು. ಠಾಣೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಊರು ಕಾಯಲೇಬೇಕು ಎಂಬ ಹುಡುಗರ ಹುರುಪಿಗೆ ಕಾನೂನು ಬಾಗಿಲು ಮುಚ್ಚಿಲ್ಲ ಎಂಬುದೇ ಇಲ್ಲಿ ಸಂತೋಷದ ಸಂಗತಿ. ನಿಮ್ಮಂಥವರಿಗಾಗಿಯೇ 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಅದರಡಿ ಹಳ್ಳಿಯವರ ದಳ ಪೊಲೀಸ್ ಇಲಾಖೆಯ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಈ ಕಾಯ್ದೆ ಗೊತ್ತಿಲ್ಲದ ವಕೀಲರೇ ಹೆಚ್ಚು, ಹಾಗಾಗಿ ಠಾಣೆಯಲ್ಲಿ ಒಂದೇ ಸಲಕ್ಕೆ ಅರ್ಥವಾಗದಿದ್ದರೆ ಬೇಸರ ಬೇಡ. 1962ರ ಕಾಯ್ದೆಯಡಿಯ ಗೃಹರಕ್ಷಕ ದಳ ಎಲ್ಲರೂ ಕಂಡದ್ದೇ: ಚುನಾವಣೆ, ಜಾತ್ರೆ ಬಂದೋಬಸ್ತು, ಮಳೆಗಾಲದಲ್ಲಿ ಪಣಂಬೂರು, ಸೋಮೇಶ್ವರದ ಕಡಲತೀರದಲ್ಲಿ ನೀರಿಗೆ ಇಳಿಯಬೇಡಿ ಎಂದು ಸೀಟಿ ಊದುವವರು. ಕೆಲಸವೋ ಕಸುಬೋ ಇಟ್ಟುಕೊಂಡೇ ಸಮವಸ್ತ್ರ ಹಾಕಲು ಅಲ್ಲಿ ದಾರಿ ಇದೆ. ಕರ್ತವ್ಯದಲ್ಲಿರುವಾಗ ಕಾನೂನಿನ ಕಣ್ಣಿಗೆ ಅವರು ಸಾರ್ವಜನಿಕ ನೌಕರರು. ಯಾರಿಗಾದರೂ ನಿಜವಾಗಿ ಬಂದೂಕೇ ಹಿಡಿಯಬೇಕೆಂದಿದ್ದರೆ 1948ರ ಕಾಯ್ದೆಯಡಿ ಟೆರಿಟೋರಿಯಲ್ ಆರ್ಮಿ ಇದೆ. ದುಡಿಯುತ್ತಿರುವವರೇ ಸೇರುವ ಸೇನೆ ಅದು. ಸಂವಿಧಾನದ ಅರ್ಥದಲ್ಲಿ ಪ್ರಜಾಪಡೆಗೆ ಭಾರತದಲ್ಲಿ ಅತಿ ಹತ್ತಿರದ್ದು ಯಾವುದೆಂದರೆ ನಾನು ಅದನ್ನೇ ತೋರಿಸುತ್ತೇನೆ.

ಆಯುಧ ಇಲ್ಲದೆಯೂ ಪ್ರಜೆ ದೇಶ ಕಾಯಬಹುದು ಎಂಬುದಕ್ಕೆ ಮಲ್ಪೆಗೆ ಹೋದರೆ ಸಾಕು. 2008ರ ಮುಂಬೈ ದಾಳಿಕೋರರು ಬಂದದ್ದು ಸಮುದ್ರದ ದಾರಿಯಲ್ಲಿ, ಒಂದು ಮೀನುಗಾರಿಕಾ ಬೋಟನ್ನೇ ವಶಮಾಡಿಕೊಂಡು. ಅಲ್ಲಿಂದ ಮೀನುಗಾರರೇ ಕರಾವಳಿ ಭದ್ರತೆಯ ಕಣ್ಣು. ಗುರುತಿಲ್ಲದ ಬೋಟು ಕಂಡರೆ ತಾಂಡೇಲ, ಅಂದರೆ ಬೋಟು ನಡೆಸುವವನು, ಅದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. 1093ಕ್ಕೆ ತಿಳಿಸುತ್ತಾನೆ, ಉಳಿದದ್ದು ಕರಾವಳಿ ಕಾವಲು ಪೊಲೀಸರ ಕೆಲಸ. ಅವರ ಕೇಂದ್ರ ಕಚೇರಿಯೂ ಮಲ್ಪೆಯಲ್ಲೇ ಇದೆ. ಇದನ್ನೇ ನಿಮ್ಮ ಪಂಚಾಯತ್ ರಸ್ತೆಗೆ ಇಳಿಸಿ. ಗಸ್ತು ಹೋಗುವವರ ಹೆಸರು, ಫೋನ್ ನಂಬರು ಬರೆದು ಠಾಣೆಗೆ ಕೊಡಿ, ಬೀಟ್ ಪೊಲೀಸರ ನಂಬರು ಎಲ್ಲರ ಮೊಬೈಲಿನಲ್ಲಿರಲಿ. ಊರಿನ ಎಲ್ಲ ಜಾತಿ, ಧರ್ಮದ ಮನೆಯವರೂ ಸೇರಿರಲಿ; ಒಂದೇ ಕಡೆಯವರ ಗಸ್ತು ಇನ್ನೊಂದು ಕಡೆಯವರಿಗೆ ಗಸ್ತಾಗಿ ಕಾಣುವುದಿಲ್ಲ. ಅನುಮಾನ ಬಂದ ವಾಹನದ ನಂಬರು ಬರೆದುಕೊಳ್ಳಿ, 112ಕ್ಕೆ ಹೇಳಿ, ದಾರಿ ಬಿಡಿ.

ಟೀ ಶರ್ಟು ಹಾಕುವುದು ತಪ್ಪಲ್ಲ, ಖಾಕಿ ಬಣ್ಣದ್ದು ಮಾತ್ರ ಬೇಡ. ಸರ್ಕಾರಿ ನೌಕರ ಎಂದು ನಂಬಿಸುವಂಥ ಉಡುಪು ತೊಡುವುದು ಬೇರೆಯೇ ಒಂದು ಅಪರಾಧ. ಬೆನ್ನಿನ ಮೇಲೆ ‘ಪಡೆ’ ಎಂದು ಬರೆಸಿದ್ದನ್ನು ತೆಗೆಸಿ ಯುವಕ ಮಂಡಲದ ಹೆಸರನ್ನೇ ಹಾಕಿಸಿ.